ಹೆಸರಿಗೆ ಬ್ರಹ್ಮಕಮಲ

ನಿಮ್ಮ ಮನೇಲಿ ಇಲ್ಲದಿದ್ದರೂ ಪಕ್ಕದ ಮನೇಲಾದರೂ ಒಂದು ಬ್ರಹ್ಮಕಮಲದ ಗಿಡ ಇರುತ್ತೆ. ಹೂ ಇಲ್ಲದಾಗ ಅದರಷ್ಟು ಪೆದ್ದುಪೆದ್ದಾಗಿ ಕಾಣೋ ಗಿಡ ಇನ್ನೊಂದಿಲ್ಲ. ಅಡ್ಡಾದಿಡ್ಡಿ ಚಪ್ಪಟೆ ಎಲೆಗಳು, ಗೋಡೆಗೆ ಒರಗಿಸಿದ ಕೋಲು, ಅದಕ್ಕೆ ಕಟ್ಟಿದ ಹಳೇ ಸೀರೆಯ ಅಂಚು. ನಮ್ಮದು ಚಾಮರಾಜಪೇಟೆಯ ಮನೆ. ಮುಂದೆ ನಾಲ್ಕಡಿ ಜಾಗ, ಅದರಲ್ಲಿ ಒಂದು ತುಳಸಿ, ಒಂದು ದಾಸವಾಳ, ಹಳೇ ಪೇಂಟ್ ಡಬ್ಬದಲ್ಲಿ ಅಜ್ಜಿಯ ಬ್ರಹ್ಮಕಮಲ. ಅಕ್ಕಿ ತೊಳೆದ ನೀರು ಅದಕ್ಕೆ. ಫಿಲ್ಟರಿನಲ್ಲಿ ಉಳಿದ ಕಾಫಿ ಪುಡಿಯೂ ಅದಕ್ಕೇ.

ವರ್ಷಕ್ಕೆ ಒಂದೆರಡು ರಾತ್ರಿ ಮಾತ್ರ ಆ ಗಿಡಕ್ಕೆ ದರ್ಬಾರು. ಮಳೆಗಾಲ ಶುರುವಾದ ಮೇಲೆ ಎಲೆಯ ಅಂಚಿನಲ್ಲಿ ಮೊಗ್ಗು ಕಾಣಿಸುತ್ತೆ. ದಿನ ಕಳೆದಂತೆ ಉದ್ದವಾಗಿ ಕೆಳಗೆ ಜೋತುಬಿದ್ದು, ಅರಳೋ ಹೊತ್ತಿಗೆ ಕತ್ತು ಬಗ್ಗಿಸಿ ಮುಖ ಮೇಲೆತ್ತುತ್ತೆ. ಮೊಗ್ಗು ಉಬ್ಬಿದ್ದು ನೋಡಿದ ಕೂಡಲೇ ಅಜ್ಜಿ ಬೀದಿಗೆಲ್ಲ ಹೇಳಿಬಿಡೋರು, "ಇವತ್ತು ರಾತ್ರಿ ಬ್ರಹ್ಮಕಮಲ ಅರಳುತ್ತೆ, ಬನ್ನಿ." ಒಂಬತ್ತು ಗಂಟೆಗೆ ಎದುರು ಮನೆ ಆಂಟಿ, ಮೂಲೆಮನೆ ಟೈಲರ್ ಅಂಕಲ್, ಹಿಂದಿನ ಬೀದಿಯ ಮೇಷ್ಟ್ರು ದಂಪತಿ ಎಲ್ಲ ಬರೋರು. ಕಾಂಪೌಂಡಿನಲ್ಲಿ ಚಾಪೆ, ದೊಡ್ಡವರಿಗೆ ಕುರ್ಚಿ, ಗಿಡದ ಮುಂದೆ ದೀಪ, ಹೂವಿಗೆ ಅರಿಶಿನ ಕುಂಕುಮ, ಬಂದವರಿಗೆಲ್ಲ ಬಾದಾಮಿ ಹಾಲು. ಹೂವಿನೊಳಗೆ ಬಗ್ಗಿ ನೋಡಿದರೆ ಆದಿಶೇಷನ ಮೇಲೆ ವಿಷ್ಣು ಮಲಗಿದ ಹಾಗೆ ಕಾಣುತ್ತೆ ಅಂತ ಅಜ್ಜಿ ಪ್ರತಿ ವರ್ಷ ತೋರಿಸೋರು. ನನಗೆ ಯಾವತ್ತೂ ಕಂಡಿರಲಿಲ್ಲ. ಆದರೂ "ಹೌದು ಕಾಣ್ತು" ಅನ್ನುತ್ತಿದ್ದೆ, ಹಾಲು ಬೇಗ ಸಿಗಲಿ ಅಂತ.

ಇದೆಲ್ಲ ಹೇಳೋದು ಯಾಕೆ ಅಂದರೆ, ಒಂದು ವರ್ಷ ಇದನ್ನೆಲ್ಲ ನಿಲ್ಲಿಸಿದ್ದು ನಾನೇ.

ಹೇಮಕುಂಡದ ದಾರಿ

2023ರ ಆಗಸ್ಟ್‌ನಲ್ಲಿ ಟೀಮಿನ ಮೂವರು ಗೆಳೆಯರ ಜೊತೆ ಉತ್ತರಾಖಂಡಕ್ಕೆ ಹೋದೆ. ಬೆಂಗಳೂರಿನ ಐಟಿಯವರು ಒಂದಲ್ಲ ಒಂದು ಸಲ ಮಾಡೋ ಟ್ರೆಕ್ಕು ಅದು, ವ್ಯಾಲಿ ಆಫ್ ಫ್ಲವರ್ಸ್ ಮತ್ತು ಹೇಮಕುಂಡ ಸಾಹಿಬ್. ಹೃಷಿಕೇಶದಿಂದ ಜೀಪಿನಲ್ಲಿ ಇಡೀ ದಿನ ಕುಲುಕಿಸಿಕೊಂಡು ಅಲಕನಂದಾ ದಡದ ಗೋವಿಂದಘಾಟ್ ತಲುಪಿ, ಅಲ್ಲಿಂದ ಘಾಂಗರಿಯಾಗೆ ನಡೆದು ಹೋದೆವು.

ಮೊದಲ ದಿನ ಹೂಗಳ ಕಣಿವೆ. 1931ರಲ್ಲಿ ಕಾಮೆಟ್ ಶಿಖರ ಹತ್ತಿ ಇಳಿಯುತ್ತಿದ್ದ ಫ್ರಾಂಕ್ ಸ್ಮೈತ್ ಮತ್ತು ಜೊತೆಗಾರರು ಈ ಕಣಿವೆಗೆ ಬಂದರಂತೆ. ಆಮೇಲೆ ಆತ ಮತ್ತೆ ಬಂದು, ಗಿಡಗಳ ಬೀಜ ಸಂಗ್ರಹಿಸಿ, 1938ರಲ್ಲಿ ಪುಸ್ತಕ ಬರೆದ ಮೇಲೆ ಇದು ಜಗತ್ತಿಗೆಲ್ಲ ಗೊತ್ತಾಯಿತು. ಮರುವರ್ಷ ಗಿಡಗಳ ಅಧ್ಯಯನಕ್ಕೆ ಬಂದ ಜೋನ್ ಮಾರ್ಗರೆಟ್ ಲೆಗ್ ಎಂಬಾಕೆ ಹೂ ಆರಿಸುತ್ತಾ ಬಂಡೆಯಿಂದ ಜಾರಿ ತೀರಿಕೊಂಡರು. ಅವರ ಸಮಾಧಿ ಕಣಿವೆಯೊಳಗೇ ಇದೆ. ಸುತ್ತ ನಮ್ಮ ಕರ್ಣಕುಂಡಲದ ನೆಂಟರು, ಎದೆಯೆತ್ತರದ ಗುಲಾಬಿ ಬಣ್ಣದ ಬಾಲ್ಸಮ್ ಗಿಡಗಳು. ಒಂದು ಹೂವೂ ಕೀಳುವಂತಿಲ್ಲ. ರಾಷ್ಟ್ರೀಯ ಉದ್ಯಾನ ಅದು, ಯುನೆಸ್ಕೋ ಪಟ್ಟಿಯಲ್ಲೂ ಇದೆ.

ಎರಡನೇ ದಿನ ಹೇಮಕುಂಡ. ಘಾಂಗರಿಯಾದಿಂದ ಆರು ಕಿಲೋಮೀಟರ್, ಎಲ್ಲಾ ಏರು. ಜಾಗ ಇರೋದು ನಾಲ್ಕು ಸಾವಿರ ಮೀಟರಿಗೂ ಮೇಲೆ. ಬೆಂಗಳೂರು ಸುಮಾರು 920 ಮೀಟರ್ ಎತ್ತರದಲ್ಲಿರೋ ಊರು, ನಮ್ಮ ಶ್ವಾಸಕೋಶಕ್ಕೆ ಅದೇ ಅಭ್ಯಾಸ. ನಾಲ್ಕು ಹೆಜ್ಜೆಗೊಮ್ಮೆ ನಿಲ್ಲುತ್ತಾ ಹೋದೆ. ಒಂದು ಎತ್ತರ ದಾಟಿದ ಮೇಲೆ ಮರಗಳೇ ನಿಂತುಹೋದವು. ಆಲ್ಪೈನ್ ಅನ್ನೋದು ಈ ಜಾಗಕ್ಕೇ. ಮರ ಬೆಳೆಯಲಾಗದಷ್ಟು ಚಳಿ, ವರ್ಷದಲ್ಲಿ ಮೂರ್ನಾಲ್ಕು ತಿಂಗಳು ಮಾತ್ರ ಹಿಮ ಇಲ್ಲದ ನೆಲ. ಅಷ್ಟರಲ್ಲೇ ಗಿಡ ಚಿಗುರಿ, ಹೂ ಬಿಟ್ಟು, ಬೀಜ ಕಟ್ಟಿ ಮುಗಿಸಬೇಕು. ಡೆಡ್‌ಲೈನ್ ಅಂದರೆ ಅದು.

ಕೊನೆಯ ಏರಿನಲ್ಲಿ, ಮಂಜಿನ ಮಧ್ಯೆ, ಕಲ್ಲುಗಳ ಸಂದಿಯಲ್ಲಿ ಮೊಣಕಾಲೆತ್ತರದ ಗಿಡಗಳು ಕಂಡವು. ತುದಿಯಲ್ಲಿ ತಿಳಿ ಹಳದಿ ಹಸಿರಿನ, ಎಣ್ಣೆ ಕಾಗದದಂಥ ತೆಳು ಎಲೆಗಳನ್ನು ಒಂದರ ಮೇಲೊಂದು ಮುಚ್ಚಿಕೊಂಡ ದೊಡ್ಡ ಮೊಗ್ಗಿನ ಹಾಗೆ. ಪಕ್ಕದಲ್ಲಿ ಇಳಿಯುತ್ತಿದ್ದ ಸರ್ದಾರ್‌ಜಿ ಒಬ್ಬರು ನಿಂತು, ಕೈ ಮುಗಿದು, "ಬ್ರಹ್ಮಕಮಲ್" ಅಂದರು.

ನಾನು "ಅಲ್ಲ" ಅನ್ನೋಕೆ ಹೋದೆ. ಬ್ರಹ್ಮಕಮಲ ನನಗೆ ಗೊತ್ತಿಲ್ಲವಾ? ಚಾಮರಾಜಪೇಟೆಯಲ್ಲಿ ಪೇಂಟ್ ಡಬ್ಬದಲ್ಲಿದೆ!

ಮೇಲೆ ಗುರುದ್ವಾರದಲ್ಲಿ ಬಿಸಿಬಿಸಿ ಖಿಚಡಿ, ಚಹಾ ಕೊಟ್ಟರು. ಕೈ ಬೆಚ್ಚಗಾದ ಮೇಲೆ ಗೈಡ್ ಹುಡುಗ ಎಲ್ಲ ಹೇಳಿದ. ಇದೇ ನಿಜವಾದ ಬ್ರಹ್ಮಕಮಲ, ಉತ್ತರಾಖಂಡದ ರಾಜ್ಯ ಹೂ. ಕೇದಾರ, ಬದರಿಯ ಪೂಜೆಗೆ ಸಲ್ಲುವುದು ಇದು. ಪೂಜೆಗೂ ಔಷಧಿಗೂ ಕಿತ್ತು ಕಿತ್ತು ಈಗ ಕಡಿಮೆಯಾಗುತ್ತಿದೆ. ನಾನು ಎಂಟು ಫೋಟೋ ತೆಗೆದೆ.

ಕೋಡ್ ರಿವ್ಯೂ

ಆಫೀಸಿನಲ್ಲಿ ದಿನಾ ನನ್ನ ಕೆಲಸ ಬೇರೆಯವರ ಕೋಡಿನಲ್ಲಿ ತಪ್ಪು ಹುಡುಕೋದು. ಒಂದು ಹೆಸರು ಸರಿಯಿಲ್ಲ ಅಂದರೂ ಕಾಮೆಂಟ್ ಹಾಕ್ತೀನಿ. ಆ ಚಟ ಮನೆಗೂ ಬಂದಿತ್ತು.

ಸೆಪ್ಟೆಂಬರ್‌ನಲ್ಲಿ ಆ ವರ್ಷದ ಕೊನೆಯ ಮೊಗ್ಗುಗಳು ಅರಳಿದವು. ಎಂದಿನಂತೆ ಎಲ್ಲರೂ ಬಂದಿದ್ದರು. ಅಜ್ಜಿ ದೀಪ ಹಚ್ಚಿ, "ಹಿಮಾಲಯದ ಹೂ ಇದು, ದೇವರಿಗೆ ಸಲ್ಲೋದು" ಅಂತ ಶುರು ಮಾಡಿದರು. ನಾನು ಫೋನ್ ತೆಗೆದೆ.

"ಅಜ್ಜಿ, ಇದು ನಿಜವಾದ ಬ್ರಹ್ಮಕಮಲ ಅಲ್ಲ. ನಿಜವಾದದ್ದು ಇಲ್ಲಿದೆ ನೋಡಿ, ನಾನೇ ನೋಡ್ಕೊಂಡು ಬಂದೆ. ಇದು ಮೆಕ್ಸಿಕೋ ಕಡೆಯ ಪಾಪಾಸುಕಳ್ಳಿ."

ನಾನು ಹೇಳಿದ್ದರಲ್ಲಿ ಒಂದಕ್ಷರ ತಪ್ಪಿರಲಿಲ್ಲ. ಫೋನ್ ಕೈಯಿಂದ ಕೈಗೆ ಹೋಯಿತು. ಮೇಷ್ಟ್ರು ಕನ್ನಡಕ ಸರಿಮಾಡಿಕೊಂಡು ಫೋಟೋ ದೊಡ್ಡದು ಮಾಡಿ ನೋಡಿದರು. "ಓ, ಹಾಗಾದ್ರೆ ಇಷ್ಟು ವರ್ಷ ಕಳ್ಳಿಗೆ ಕುಂಕುಮ ಇಟ್ವಾ?" ಅಂತ ಯಾರೋ ನಕ್ಕರು. ಎಲ್ಲರೂ ಫೋನ್ ನೋಡುತ್ತಿದ್ದರು. ಗಿಡದ ಮುಂದೆ ಅಜ್ಜಿ ಒಬ್ಬರೇ ಇದ್ದರು. "ಹಾಲು ಆರಿಹೋಗುತ್ತೆ, ತಗೊಳ್ಳಿ" ಅಂದರು, ಅಷ್ಟೇ.

ಮರುವರ್ಷ ಜೂನ್‌ನಲ್ಲಿ ಒಂದು ಬೆಳಿಗ್ಗೆ ಸ್ಟ್ಯಾಂಡ್‌ಅಪ್ ಕಾಲ್ ಮುಗಿಸಿ ಹೊರಗೆ ಬಂದೆ. ಗಿಡದ ತುಂಬ ಒದ್ದೆ ಬಟ್ಟೆ ನೇತುಹಾಕಿದ ಹಾಗೆ ಬಾಡಿದ ಹೂಗಳು. ಎಣಿಸಿದೆ, ಹನ್ನೊಂದು. ಯಾವ ವರ್ಷವೂ ಅಷ್ಟು ಬಿಟ್ಟಿರಲಿಲ್ಲ.

"ಅಜ್ಜಿ, ರಾತ್ರಿ ಅರಳಿತ್ತಾ? ಯಾರನ್ನೂ ಕರೀಲಿಲ್ವಾ?"

"ಏನಂತ ಕರೀಲಿ ಮಗು? ಹೆಸರೇ ತಪ್ಪಂತಲ್ಲ."

ಅವರ ದನಿಯಲ್ಲಿ ಸಿಟ್ಟಿರಲಿಲ್ಲ. ಅದಕ್ಕೇ ಜಾಸ್ತಿ ಚುಚ್ಚಿತು. ರಾತ್ರಿ ಹನ್ನೊಂದರ ತನಕ ಒಬ್ಬರೇ ಹೊರಗೆ ಕೂತಿದ್ದರು ಅಂತ ಅಮ್ಮ ಆಮೇಲೆ ಹೇಳಿದರು. ನಾನು ಒಳಗೆ ಹೆಡ್‌ಫೋನ್ ಹಾಕ್ಕೊಂಡು ರಿಲೀಸ್ ಕೆಲಸದಲ್ಲಿದ್ದೆ.

ಎರಡು ಗಿಡ, ಒಂದು ಹೆಸರು

ತಪ್ಪು ಮಾಡಿದ ಮೇಲೆ ನಮ್ಮಂಥವರು ಮಾಡೋ ಮೊದಲ ಕೆಲಸ ಓದೋದು. ನಾನೂ ಓದಿದೆ.

ಹಿಮಾಲಯದ್ದು ಸಾಸ್ಯುರಿಯಾ ಆಬ್ವಲ್ಲಾಟಾ. ಸೂರ್ಯಕಾಂತಿ ಕುಟುಂಬದ ಗಿಡ. ಸುಮಾರು 3,700ರಿಂದ 4,600 ಮೀಟರ್ ಎತ್ತರದಲ್ಲಿ ಬೆಳೆಯುತ್ತೆ. ನಾನು ದಳ ಅಂದುಕೊಂಡ ತೆಳು ಹಾಳೆಗಳು ದಳಗಳೇ ಅಲ್ಲ, ಒಂದು ಥರದ ಎಲೆಗಳು. ನಿಜವಾದ ಹೂಗಳು ಒಳಗೆ, ಕಡು ನೇರಳೆ ಬಣ್ಣದ ಸಣ್ಣ ಗೊಂಚಲಾಗಿ ಇರುತ್ತವೆ. ಹೊರಗಿನ ಹಾಳೆ ಬೆಳಕನ್ನು ಒಳಗೆ ಬಿಡುತ್ತೆ, ಮಳೆ ಗಾಳಿಯನ್ನು ತಡೆಯುತ್ತೆ. ಅಂದರೆ ಗಿಡ ತನ್ನ ಹೂವಿಗೆ ತಾನೇ ಗಾಜಿನಮನೆ ಕಟ್ಟಿಕೊಂಡಿದೆ.

ನಮ್ಮ ಮನೆಯದು ಎಪಿಫಿಲಮ್ ಆಕ್ಸಿಪೆಟಲಮ್. ಕಳ್ಳಿ ಜಾತಿಯದೇ ಆದರೂ ಮರಳುಗಾಡಿನದಲ್ಲ. ದಕ್ಷಿಣ ಮೆಕ್ಸಿಕೋ, ಗ್ವಾಟೆಮಾಲಾ ಕಡೆಯ ಕಾಡಿನಲ್ಲಿ ಮರದ ಕವಲಿನಲ್ಲಿ ಬೇರೂರಿ ಬೆಳೆಯೋ ಗಿಡ. ನಾವು ಎಲೆ ಅನ್ನೋದು ಎಲೆಯಲ್ಲ, ಚಪ್ಪಟೆಯಾದ ಕಾಂಡ. ಅದಕ್ಕೇ ಹೂ "ಎಲೆ"ಯಿಂದ ಹುಟ್ಟಿದ ಹಾಗೆ ಕಾಣೋದು. ರಾತ್ರಿ ಹಾರೋ ದೊಡ್ಡ ಪತಂಗಗಳು ಹುಡುಕಿಕೊಂಡು ಬರಲಿ ಅಂತ ಕತ್ತಲಲ್ಲೂ ಕಾಣೋ ಬಿಳಿ ಬಣ್ಣ, ದೂರಕ್ಕೆ ಹೋಗೋ ಪರಿಮಳ. ಬೆಳಗಾಗುವಷ್ಟರಲ್ಲಿ ಕೆಲಸ ಮುಗಿದಿರುತ್ತೆ. ಕ್ಷಣದಲ್ಲಿ ಮಿಂಚಿ ಮರೆಯಾಗೋ ವೈಭವಕ್ಕೆ ಚೀನೀ ಭಾಷೆಯಲ್ಲಿ ಈ ಹೂವಿನ ಹೆಸರಲ್ಲೇ ಒಂದು ಗಾದೆ ಇದೆ. ಕೇರಳದಲ್ಲಿ ನಿಶಾಗಂಧಿ. ನಮ್ಮಲ್ಲಿ ಬ್ರಹ್ಮಕಮಲ.

ಬೆಟ್ಟದ ಗಿಡವನ್ನು ಊರಿಗೆ ತಂದು ಸಾಕಿ ತೋರಿಸೋ ಹುಚ್ಚು ಬೇರೆ ಕಡೆ ಎಷ್ಟಿದೆ ಅಂತಲೂ ಆಗ ಗೊತ್ತಾಯಿತು. ಇಂಗ್ಲೆಂಡಿನಲ್ಲಿ 1929ರಲ್ಲಿ ಶುರುವಾದ ಆಲ್ಪೈನ್ ಗಾರ್ಡನ್ ಸೊಸೈಟಿ ಅಂತ ಒಂದಿದೆ. ವಸಂತ ಬಂದರೆ ಊರೂರಲ್ಲಿ ಅವರ ಪ್ರದರ್ಶನ. ಒಂದು ಬೊಗಸೆಯಷ್ಟಿರೋ ಗಿಡವನ್ನು ವರ್ಷಗಟ್ಟಲೆ ಸಾಕಿ, ಹೂ ಬಿಟ್ಟ ವಾರ ಕಾರಿನಲ್ಲಿ ಹುಷಾರಾಗಿ ತಂದು ಮೇಜಿನ ಮೇಲಿಡುತ್ತಾರೆ. ಪ್ರದರ್ಶನದ ಅತ್ಯುತ್ತಮ ಗಿಡಕ್ಕೆ ಫ್ಯಾರರ್ ಪದಕ. ರೆಜಿನಾಲ್ಡ್ ಫ್ಯಾರರ್ ಗಿಡ ಹುಡುಕುತ್ತಾ ಚೀನಾ, ಬರ್ಮಾ ಬೆಟ್ಟಗಳನ್ನೆಲ್ಲ ಸುತ್ತಿ 1920ರಲ್ಲಿ ಬರ್ಮಾದಲ್ಲೇ ತೀರಿಕೊಂಡವನು. ನನಗೆ ಆಶ್ಚರ್ಯ ಆಗಿದ್ದು ಇನ್ನೊಂದು. ಅವರಿಗೆ ಚಳಿಯ ಭಯ ಇಲ್ಲವಂತೆ, ಒದ್ದೆಯ ಭಯ. ಬೆಟ್ಟದಲ್ಲಿ ಈ ಗಿಡಗಳು ಚಳಿಗಾಲವಿಡೀ ಹಿಮದ ಹೊದಿಕೆಯ ಕೆಳಗೆ ಒಣಗಿಕೊಂಡು ಮಲಗಿರುತ್ತವೆ. ಊರಿನ ಜಿಟಿಜಿಟಿ ಮಳೆ ಬಿದ್ದರೆ ಕೊಳೆತುಹೋಗುತ್ತವೆ. ಅದಕ್ಕೇ ಬಿಸಿ ಮಾಡದ, ಕಿಟಕಿಗಳನ್ನೆಲ್ಲ ತೆರೆದಿಟ್ಟ ಗಾಜಿನ ಮನೆಯೊಳಗೆ, ಮರಳಲ್ಲಿ ಹೂತ ಮಣ್ಣಿನ ಕುಂಡದಲ್ಲಿ ಅವುಗಳನ್ನು ಸಾಕೋದು.

ಹೇಮಕುಂಡದ ಗಿಡ ಚಾಮರಾಜಪೇಟೆಗೆ ಬಂದರೂ ಬದುಕೋದಿಲ್ಲ ಅಂತ ಅರ್ಥ ಆಯಿತು. ಇಲ್ಲಿ ಹಿಮ ಇಲ್ಲ, ಅದಕ್ಕೆ ಬೇಕಾದ ಚಳಿಗಾಲದ ನಿದ್ದೆಯೂ ಇಲ್ಲ. ಅದು ಅಲ್ಲೇ ಇರಬೇಕು, ನಾವೇ ನಡೆದು ಹೋಗಿ ನೋಡಬೇಕು. ಅಜ್ಜಿಗೆ ಮಂಡಿ ನೋವು. ಮಕ್ಕಳ ಕೂಟದ ತನಕ ನಡೆಯೋದೇ ಕಷ್ಟ. ಅವರಿಗೆ ಸಿಕ್ಕಿದ್ದು ಮೆಕ್ಸಿಕೋದಿಂದ ಹೇಗೋ ಬಂದು, ಪೇಂಟ್ ಡಬ್ಬದಲ್ಲೂ ಬದುಕೋ ಈ ಗಿಡ.

ಲಾಲ್‌ಬಾಗಿನಲ್ಲಿ ಒಂದು ಪ್ರಶ್ನೆ

2025ರ ಜನವರಿಯಲ್ಲಿ ಅಜ್ಜಿಯನ್ನು ಲಾಲ್‌ಬಾಗಿನ ಗಣರಾಜ್ಯೋತ್ಸವದ ಫಲಪುಷ್ಪ ಪ್ರದರ್ಶನಕ್ಕೆ ಕರ್ಕೊಂಡು ಹೋದೆ. ಬಾಯಿಬಿಟ್ಟು ಸಾರಿ ಕೇಳೋದು ನಮ್ಮ ಮನೇಲಿ ಯಾರಿಗೂ ಬರೋದಿಲ್ಲ, ಆಟೋ ಬುಕ್ ಮಾಡ್ತೀವಿ. ಸಜ್ಜನ್ ರಾವ್ ಸರ್ಕಲ್, ಮಿನರ್ವ ಸರ್ಕಲ್ ದಾಟಿ ಮುಖ್ಯ ಗೇಟಿಗೆ. ವಾರದ ದಿನ, ಬೆಳಿಗ್ಗೆ. ಭಾನುವಾರ ಹೋಗೋ ತಪ್ಪು ನೀವೂ ಮಾಡಬೇಡಿ.

ದಾರಿಯುದ್ದಕ್ಕೂ ಅಜ್ಜಿ ಹಳೇ ಕಥೆ ಹೇಳಿದರು. ಮದುವೆಯಾಗಿ ಚಾಮರಾಜಪೇಟೆಗೆ ಬಂದ ವರ್ಷ ತಾತನ ಜೊತೆ ಇದೇ ಶೋಗೆ ನಡೆದೇ ಬಂದಿದ್ದರಂತೆ. ರಾಮನವಮಿಗೆ ಕೋಟೆ ಹೈಸ್ಕೂಲ್ ಮೈದಾನದ ಸಂಗೀತ, ಜನವರಿ ಆಗಸ್ಟಿಗೆ ಲಾಲ್‌ಬಾಗ್. "ದುಡ್ಡಿಲ್ಲದೋರಿಗೆ ಇವೆರಡೇ ಪ್ರವಾಸ ಕಣೋ."

ಗಾಜಿನಮನೆಗೆ 1889ರಲ್ಲಿ ಅಡಿಗಲ್ಲು ಹಾಕಿದ್ದು. ಲಂಡನ್ನಿನ ಕ್ರಿಸ್ಟಲ್ ಪ್ಯಾಲೇಸ್ ನೋಡಿ ಕಟ್ಟಿದ್ದು ಅಂತಾರೆ. ಆದರೆ ನಮ್ಮದರ ಬದಿಗಳು ತೆರೆದಿವೆ, ಬಿಸಿಲು ಕೂಡಿಟ್ಟುಕೊಳ್ಳೋ ಅಗತ್ಯ ಇಲ್ಲಿಲ್ಲ. ಇದನ್ನು ಕಟ್ಟಿದ್ದೇ ಪ್ರದರ್ಶನಕ್ಕೆ. ಒಳಗೆ ಹೂವಿನ ದೊಡ್ಡ ಮಾದರಿಯ ಸುತ್ತ ಸೆಲ್ಫಿ ಜಾತ್ರೆ. ಅಜ್ಜಿ ಅದನ್ನು ಒಂದು ಸಲ ನೋಡಿ, "ಚೆನ್ನಾಗಿದೆ, ಬಾ, ಕುಂಡ ಇಟ್ಟಿರೋ ಕಡೆ ಹೋಗೋಣ" ಅಂದರು. ತೋಟಗಾರಿಕೆ ಇಲಾಖೆಯ ಜೊತೆ ಮೈಸೂರು ಉದ್ಯಾನ ಕಲಾ ಸಂಘ ಸೇರಿ ನಡೆಸೋ ಶೋ ಇದು. ಇಕೆಬಾನಾ, ಬೋನ್ಸಾಯ್, ತರಕಾರಿ ಕೆತ್ತನೆ ಅಂತ ಸ್ಪರ್ಧೆಗಳೂ ಇರುತ್ತವೆ. ಅಜ್ಜಿ ಒಂದೊಂದು ಕುಂಡದ ಮುಂದೆಯೂ ನಿಂತರು. ಎಲೆ ಮುಟ್ಟಲಿಲ್ಲ, ಮಣ್ಣು ನೋಡಿದರು. ಒಂದು ಬೋನ್ಸಾಯ್ ಆಲದ ಮುಂದೆ, "ಇದನ್ನ ಸಾಕಿದೋರಿಗೆ ಊರು ಬಿಟ್ಟು ಎಲ್ಲೂ ಹೋಗೋಕಾಗಿಲ್ಲ ಪಾಪ" ಅಂದರು. ಗಿಡ ಸಾಕಿದವರಿಗೆ ಮಾತ್ರ ಕಾಣೋ ವಿಷಯ ಅದು.

ಹೊರಡುವಾಗ ಅಲ್ಲಿ ನಿಂತಿದ್ದ ಸಿಬ್ಬಂದಿಯನ್ನು ಕೇಳಿದರು, "ಬ್ರಹ್ಮಕಮಲ ಇಡೋದಿಲ್ವಾಪ್ಪಾ?"

ನನಗೆ ಎದೆ ಧಸಕ್ ಅಂತು. ಆತ ನಕ್ಕು, "ಅದು ರಾತ್ರಿ ಅರಳೋದಲ್ವಾ ಅಜ್ಜಿ, ನಾವು ಸಂಜೆಗೇ ಗೇಟ್ ಹಾಕ್ತೀವಿ. ಅದನ್ನ ಮನೇಲೇ ನೋಡಬೇಕು" ಅಂದ.

ಸಾವಿರಾರು ಕುಂಡ ಇರೋ ಶೋನಲ್ಲೂ ಆ ಹೂವಿಗೆ ಜಾಗ ಇಲ್ಲ. ಅದಕ್ಕೆ ಸಮಯದ ಪಟ್ಟಿ ಇಲ್ಲ, ಟಿಕೆಟ್ ಇಲ್ಲ, ತೀರ್ಪುಗಾರರೂ ಬರೋದಿಲ್ಲ. ಯಾರಾದರೂ ಮೊಗ್ಗು ಗಮನಿಸಿ, ಬನ್ನಿ ಅಂತ ಕರೆದರೆ ಮಾತ್ರ ಅದರ ಪ್ರದರ್ಶನ. ಅಜ್ಜಿ ಇಷ್ಟು ವರ್ಷ ಮಾಡುತ್ತಿದ್ದುದು ಅದನ್ನೇ. ಒಂದು ಫೋಟೋ ತೋರಿಸಿ ಅದನ್ನು ಮುಚ್ಚಿಸಿದ್ದು ನಾನು.

ಮತ್ತೆ ಚಾಪೆ

ಆ ವರ್ಷ ಜೂನ್ ಕೊನೆಯಲ್ಲಿ ಏಳು ಮೊಗ್ಗು ಬಂದವು. ಎರಡು ವಾರ ದಿನಾ ಬೆಳಿಗ್ಗೆ ನೋಡಿದೆ. ಕತ್ತು ಮೇಲೆತ್ತಿ, ಮೊಗ್ಗು ಉಬ್ಬಿದ ದಿನ ಆಫೀಸಿಗೆ ರಜೆ ಹಾಕಿ ಮನೆಮನೆಗೆ ಹೋದೆ. ವಾಟ್ಸಾಪ್ ಮಾಡಲಿಲ್ಲ, ಬೆಲ್ ಒತ್ತಿದೆ.

ಬೀದಿ ಬದಲಾಗಿತ್ತು. ಎದುರು ಮನೆ ಒಡೆದು ನಾಲ್ಕು ಮಹಡಿ ಎದ್ದಿದೆ, ಈಗ ಅದು ಹುಡುಗಿಯರ ಪಿಜಿ. ಆಂಟಿ ಮಗನ ಮನೆಗೆ ಹೋಗಿದ್ದಾರೆ. ಹಿಂದಿನ ಬೀದಿಯ ಮೇಷ್ಟ್ರು ಇಲ್ಲ, ಅವರ ಹೆಂಡತಿ ಇದ್ದಾರೆ. ಟೈಲರ್ ಅಂಕಲ್ "ಮತ್ತೆ ಶುರು ಮಾಡಿದ್ರಾ?" ಅಂತ ಕೇಳಿದರು. ಪಿಜಿ ಗೇಟಿನಲ್ಲಿ ನಿಂತು ಏನು ಹೇಳೋದು ಅಂತ ಗೊತ್ತಾಗದೆ, "ನಮ್ಮನೇಲಿ ಹೂ ಅರಳುತ್ತೆ, ರಾತ್ರಿ ಬನ್ನಿ" ಅಂದೆ. ನನ್ನನ್ನು ಮೇಲಿಂದ ಕೆಳಗೆ ನೋಡಿದರು. ಹಿಂದೆ ಅಮ್ಮ ಬಂದು ನಿಂತ ಮೇಲೆ ನಂಬಿದರು.

ಒಂಬತ್ತಕ್ಕೆ ಹದಿನಾರು ಜನ. ಪಿಜಿಯಿಂದಲೇ ಆರು ಹುಡುಗಿಯರು. ಎರಡು ವರ್ಷದಿಂದ ಎದುರಿಗೇ ಇದ್ದರೂ ನಮ್ಮ ಗೇಟು ದಾಟಿದ್ದು ಅವತ್ತೇ ಮೊದಲು. ಹತ್ತು ಗಂಟೆಗೆ ದಳಗಳು ಬಿಚ್ಚಿಕೊಂಡು ಪರಿಮಳ ಬೀದಿಗೆ ಹರಡಿತು. ಅಜ್ಜಿ ದೀಪ ಹಚ್ಚಿದರು. ನಾನು ಸುಮ್ಮನಿದ್ದೆ.

ಅವರೇ ಶುರು ಮಾಡಿದರು. "ಇದು ಹಿಮಾಲಯದ್ದಲ್ಲ. ಮೆಕ್ಸಿಕೋದ್ದಂತೆ. ಹಿಮಾಲಯದ್ದು ಬೇರೆ ಇದೆ, ಅದು ಹಗಲು ಅರಳುತ್ತೆ, ಇವನು ಹತ್ತಿ ನೋಡ್ಕೊಂಡು ಬಂದಿದಾನೆ. ತೋರ್ಸೋ ಫೋಟೋನ." ಒಂದು ಕ್ಷಣ ಬಿಟ್ಟು, "ಮೊದಲು ಹೂ ನೋಡಿ, ಆಮೇಲೆ ಫೋನು" ಅಂದರು.

ಆ ಕ್ರಮದಲ್ಲೇ ಎಲ್ಲರೂ ನೋಡಿದರು. ನಾನೂ ಬಗ್ಗಿ ನೋಡಿದೆ. ಉದ್ದ ಕಾಂಡದ ತುದಿಯಲ್ಲಿ ನಕ್ಷತ್ರದ ಹಾಗೆ ಬಿಚ್ಚಿಕೊಂಡ ಶಲಾಕಾಗ್ರ, ಅದರ ಸುತ್ತ ಕೇಸರಗಳು. ಶಲಾಕಾಗ್ರ ಅನ್ನೋದು ಶೇಷನ ಹೆಡೆ ಅಂದುಕೊಂಡರೆ, ಕೇಸರಗಳ ಹಾಸಿಗೆ ಕಾಣುತ್ತೆ. ಸುಳ್ಳು ಹೇಳದೆ "ಕಾಣ್ತು ಅಜ್ಜಿ" ಅಂದಿದ್ದು ಅವತ್ತೇ ಮೊದಲು.

ಬೆಳಿಗ್ಗೆ ಪಿಜಿಯ ಇಬ್ಬರು ಹುಡುಗಿಯರು ಎಲೆ ಕೇಳಿಕೊಂಡು ಬಂದರು. ಅಜ್ಜಿ ಗೇಣುದ್ದದ ಎರಡು ತುಂಡು ಕತ್ತರಿಸಿ ಪೇಪರಿನಲ್ಲಿ ಸುತ್ತಿ ಕೊಟ್ಟರು. ನಿಮಗೂ ಬೇಕಾದರೆ ಕ್ರಮ ಇಷ್ಟೇ: ಕತ್ತರಿಸಿದ ತುದಿ ಎರಡು ಮೂರು ದಿನ ನೆರಳಲ್ಲಿ ಒಣಗಬೇಕು. ಆಮೇಲೆ ಮರಳು ಬೆರೆಸಿದ ಮಣ್ಣಿನಲ್ಲಿ ಎರಡಿಂಚು ಊರಬೇಕು, ನೀರು ಕಡಿಮೆ, ಬೆಳಗಿನ ಬಿಸಿಲು. ಹೂವಿಗೆ ಎರಡು ಮೂರು ವರ್ಷ ಕಾಯಬೇಕು. ತುಂಡಿನಿಂದ ಬೆಳೆದದ್ದು ಬೇರೆ ಗಿಡ ಅಲ್ಲ, ಅದೇ ಗಿಡ. ಅಜ್ಜಿಗೂ ಮೊದಲ ತುಂಡು ಕೊಟ್ಟಿದ್ದು ಎದುರು ಮನೆ ಆಂಟಿಯೇ ಅಂತೆ. ಈಗ ಅದು ಅದೇ ಜಾಗಕ್ಕೆ, ಮೂರನೇ ಮಹಡಿಯ ಕಿಟಕಿಗೆ ವಾಪಸ್ ಹೋಯಿತು.

"ಇದರ ಹೆಸರೇನು ಅಂತ ಬರ್ಕೊಳ್ಳಿ ಅಜ್ಜಿ?" ಅಂತ ಒಬ್ಬಳು ಫೋನ್ ತೆಗೆದಳು.

ಅಜ್ಜಿ ನನ್ನ ಕಡೆ ನೋಡಿದರು. "ಬ್ರಹ್ಮಕಮಲ ಅಂತ ಬರ್ಕೋ. ಇನ್ನೊಂದು ಹೆಸರು ಬೇಕಾದ್ರೆ ಇವನನ್ನ ಕೇಳು, ಇವನಿಗೆ ಗೊತ್ತು."